ಹತ್ತನೇ ಕ್ಲಾಸಿನ ಮಕ್ಕಳ ಮೈದಾನ

ಜೂನ್ ಬಂತಂದ್ರೆ ನಮ್ಮ ಬೀದರ್‌ನ ಶಾಲೆಗಳಲ್ಲಿ ಹೊಸ ಟೈಮ್‌ಟೇಬಲ್ ಬರೆಯುತ್ತಾರೆ. ಹತ್ತನೇ ಕ್ಲಾಸಿನ ಸಾಲಿನಲ್ಲಿ ಪಿಟಿ ಅಂತ ಬರೆದೇ ಇರುತ್ತದೆ. ಚಿತ್ರಕಲೆ ಅಂತಲೂ ಇರುತ್ತದೆ. ಜುಲೈ ಮುಗಿಯೋದರೊಳಗೆ ಆ ಪಿರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗಿರುತ್ತದೆ. ಯಾರೂ ಜಗಳ ಆಡೋದಿಲ್ಲ. ಪಿಟಿ ಸರ್ ಎಂಟನೇ, ಒಂಬತ್ತನೇ ಕ್ಲಾಸಿನವರನ್ನು ಕರಕೊಂಡು ಮೈದಾನಕ್ಕೆ ಹೋಗುತ್ತಾರೆ, ಪಾಲಕರಿಗೂ ಸಮಾಧಾನ, ಆಡಳಿತ ಮಂಡಳಿಗೂ ಸಮಾಧಾನ. ಮಕ್ಕಳನ್ನು ಮಾತ್ರ ಯಾರೂ ಕೇಳೋದಿಲ್ಲ.

ನಾನು ಇಲ್ಲಿನ ಒಂದು ಚರ್ಚ್ ಆಡಳಿತದ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಪದ್ಧತಿ ಸರಿ ಇಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿತ್ತು. ಅಕ್ಕನ ಮಗಳು ಅಮೆರಿಕದಲ್ಲಿ ಲೂಥರನ್ ಅನ್ನೋ ಕ್ರೈಸ್ತ ಪಂಥದ ಒಂದು ಹೈಸ್ಕೂಲ್ ಸೇರಿದ ಮೇಲೆ, ಅಲ್ಲಿನ ದಿನಚರಿ ಕೇಳ್ತಾ ಕೇಳ್ತಾ, ಆ ಅನಿಸಿಕೆಗೆ ಒಂದು ಗಟ್ಟಿ ಆಧಾರ ಸಿಕ್ಕಿತು. ಅಲ್ಲಿಯದೆಲ್ಲ ಒಳ್ಳೇದು, ಇಲ್ಲಿಯದೆಲ್ಲ ಕೆಟ್ಟದ್ದು ಅಂತ ಹೇಳೋಕೆ ನಾನು ಕೂತಿಲ್ಲ. ಅಲ್ಲೂ ನನಗೆ ಒಪ್ಪಿಗೆಯಾಗದ್ದು ಇದೆ, ಅದನ್ನೂ ಬರೆಯುತ್ತೇನೆ.

ಅಕ್ಕ, ಭಾವ ಇರೋದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಹುಡುಗಿಯನ್ನು ಒಂಬತ್ತಕ್ಕೆ ಅಲ್ಲಿಗೆ ಹಾಕುವಾಗ ಮನೆಯಲ್ಲಿ ಸಣ್ಣ ಚರ್ಚೆಯೇ ನಡೆಯಿತು. ನಾವು ಲಿಂಗಾಯತರು, ಮನೆಯಲ್ಲಿ ದಿನಾ ಇಷ್ಟಲಿಂಗ ಪೂಜೆ ಇದೆ. ಭಾವನಿಗೆ ಚರ್ಚ್ ಶಾಲೆ ಯಾಕೆ ಅಂತ ಅನುಮಾನ. ಅಕ್ಕ ಮಾತ್ರ ಹೆದರಲಿಲ್ಲ. ನಾವಿಬ್ಬರೂ ಬೀದರ್‌ನ ಮಿಶನ್ ಶಾಲೆಯಲ್ಲಿ ಓದಿದವರು, ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ ಪ್ರಾರ್ಥನೆಯಲ್ಲಿ ಯೇಸುವಿನ ಹಾಡು ಹಾಡಿ, ಸಂಜೆ ಮನೆಗೆ ಬಂದು ವಚನ ಹೇಳಿದವರು. ಎರಡಕ್ಕೂ ನಮ್ಮ ಮನೆಯಲ್ಲಿ ಎಂದೂ ತಕರಾರು ಬಂದಿಲ್ಲ. ಆ ಶಾಲೆಯಲ್ಲೂ ಲೂಥರನ್ ಅಲ್ಲದ ಮಕ್ಕಳು ಇದ್ದಾರೆ, ಕ್ರೈಸ್ತರೇ ಅಲ್ಲದವರೂ ಇದ್ದಾರೆ. ಆದರೆ ಧರ್ಮದ ಪಾಠ ಎಲ್ಲರಿಗೂ ಇದೆ, ನಾಲ್ಕೂ ವರ್ಷ. ಬೈಬಲ್ ಓದಿಸುತ್ತಾರೆ, ಚರ್ಚ್ ಇತಿಹಾಸ ಹೇಳುತ್ತಾರೆ, ಪರೀಕ್ಷೆಯೂ ಇರುತ್ತದೆ. ಸೇರುವಾಗಲೇ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದರಂತೆ. ಅದು ನನಗೆ ಇಷ್ಟವಾಯಿತು.

ಅಲ್ಲಿ ಹೈಸ್ಕೂಲ್ ಅಂದ್ರೆ ಒಂಬತ್ತರಿಂದ ಹನ್ನೆರಡರ ತನಕ. ಕೊನೆಗೆ ಒಂದೇ ದೊಡ್ಡ ಪರೀಕ್ಷೆ ಬಂದು ಎಲ್ಲ ತೀರ್ಮಾನ ಮಾಡೋದಿಲ್ಲ. ಪ್ರತಿ ವಿಷಯಕ್ಕೆ ಕ್ರೆಡಿಟ್ ಇದೆ. ಮನೆಗೆಲಸ, ಕಿರುಪರೀಕ್ಷೆ, ಪ್ರಯೋಗದ ವರದಿ ಎಲ್ಲ ಸೇರಿ ಗ್ರೇಡ್ ಬರುತ್ತದೆ, ಅದು ನಾಲ್ಕೂ ವರ್ಷ ಜಮಾ ಆಗುತ್ತಾ ಹೋಗುತ್ತದೆ. ಬೀಜಗಣಿತ, ಜೀವಶಾಸ್ತ್ರ, ಇಂಗ್ಲಿಷ್, ಇತಿಹಾಸ, ಸ್ಪ್ಯಾನಿಷ್. ಇದರ ಜೊತೆಗೇ, ಅದೇ ಪಟ್ಟಿಯಲ್ಲಿ, ಕ್ವಾಯರ್. ಹಾಡೋದಕ್ಕೂ ಕ್ರೆಡಿಟ್! ಅವಳು ಹೇಳಿದಾಗ ನಾನು ಎರಡು ಸಲ ಕೇಳಿದೆ. "ಹೌದು ಮೌಶಿ, ಅದು ಕ್ಲಾಸೇ. ತಪ್ಪಿಸಿದರೆ ಆಬ್ಸೆಂಟ್ ಹಾಕ್ತಾರೆ" ಅಂದಳು.

ಶಾಲೆ ಬಿಟ್ಟ ಮೇಲೆ ಆಟ. ಅಲ್ಲಿ ಆಟಕ್ಕೆ ಹಂಗಾಮು ಇದೆ. ಆಗಸ್ಟ್‌ನಿಂದ ಚಳಿ ಹಿಡಿಯೋ ತನಕ ಕ್ರಾಸ್ ಕಂಟ್ರಿ ಓಟ, ವಾಲಿಬಾಲ್, ಅವರ ಫುಟ್‌ಬಾಲ್. ಚಳಿಗಾಲದಲ್ಲಿ ಒಳಾಂಗಣದ ಬಾಸ್ಕೆಟ್‌ಬಾಲ್, ಕುಸ್ತಿ. ವಸಂತದಲ್ಲಿ ಓಟ, ಎಸೆತ, ಜಿಗಿತ, ಬೇಸ್‌ಬಾಲ್. ಹಂಗಾಮು ಮುಗಿಯಿತು, ಆಟ ಮುಗಿಯಿತು, ಮುಂದಿನದಕ್ಕೆ ಬೇಕಾದರೆ ಹೆಸರು ಕೊಡಬಹುದು, ಬೇಡವಾದರೆ ನಾಟಕಕ್ಕೋ ಬ್ಯಾಂಡಿಗೋ ಹೋಗಬಹುದು. ಕೆಲವು ತಂಡಕ್ಕೆ ಆಯ್ಕೆ ಪರೀಕ್ಷೆ ಇರುತ್ತದೆ. ಚೆನ್ನಾಗಿ ಆಡುವವರು ವಾರ್ಸಿಟಿ ತಂಡಕ್ಕೆ, ಕಲಿಯುತ್ತಿರುವವರು ಜೂನಿಯರ್ ವಾರ್ಸಿಟಿಗೆ. ನಮ್ಮ ಹುಡುಗಿ ಓಟದಲ್ಲಿ ಕೊನೆಯ ಗುಂಪಿನಲ್ಲೇ ಬರುತ್ತಾಳೆ. ಆದರೂ ಅವಳಿಗೆ ತಂಡದ ಜರ್ಸಿ ಇದೆ, ಕೋಚ್ ಅವಳ ಸಮಯವನ್ನೂ ಬರೆದಿಟ್ಟುಕೊಳ್ಳುತ್ತಾರೆ, ಹೋದ ವಾರಕ್ಕಿಂತ ಎಷ್ಟು ಸೆಕೆಂಡ್ ಕಡಿಮೆ ಆಯಿತು ಅಂತ ಹೇಳುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ಹಿಡಿಸಿದ್ದು ಬೇರೆ. ಆ ಕೋಚ್ ಅವಳಿಗೆ ಬೀಜಗಣಿತ ಹೇಳಿಕೊಡುವ ಸರ್ ಕೂಡ ಹೌದು. ಇಂಥ ಚಿಕ್ಕ ಖಾಸಗಿ ಶಾಲೆಗಳಲ್ಲಿ ಹೀಗೆ ಇರೋದು ಸಾಮಾನ್ಯವಂತೆ. ಗಣಿತದಲ್ಲಿ ಅವಳು ಅಷ್ಟಕ್ಕಷ್ಟೇ. ಬೋರ್ಡಿನ ಮುಂದೆ ನಿಂತು ತಡವರಿಸುವ ಹುಡುಗಿ ಸಂಜೆ ಅದೇ ಸರ್ ಮುಂದೆ ಉಸಿರು ಬಿಗಿಹಿಡಿದು ಗುಡ್ಡ ಹತ್ತಿ ಬರುವುದನ್ನು ಅವರು ನೋಡಿರುತ್ತಾರೆ. ಹಾಗೆ ನೋಡಿದ ಮೇಲೆ ಅವಳನ್ನು "ಇವಳು ದಡ್ಡಿ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕೋದು ಅವರಿಗೆ ಆಗೋದಿಲ್ಲ. ಅವಳಿಗೂ ಅವರ ಹತ್ತಿರ ಹೋಗಿ ಸರ್ ಇದು ತಿಳಿಲಿಲ್ಲ ಅನ್ನೋಕೆ ಹೆದರಿಕೆ ಇಲ್ಲ. ನಮ್ಮಲ್ಲಿ ಹುಡುಗರು ಗಣಿತದ ಮಾಸ್ತರರನ್ನು ಚಾಕ್‌ಪೀಸ್ ಹಿಡಿದ ಕೈಯಲ್ಲಿ ಬಿಟ್ಟರೆ ಬೇರೆ ಎಲ್ಲಿ ನೋಡಿದ್ದಾರೆ ಹೇಳಿ.

ಒಪ್ಪಿಗೆಯಾಗದ್ದೂ ಇದೆ ಅಂದೆನಲ್ಲ. ಒಂದು, ಫೀಸು. ವರ್ಷಕ್ಕೆ ಸಾವಿರಾರು ಡಾಲರ್, ಚರ್ಚ್ ಸದಸ್ಯರ ಮಕ್ಕಳಿಗೆ ಸ್ವಲ್ಪ ರಿಯಾಯಿತಿ, ಕೆಲವರಿಗೆ ನೆರವು. ಎಲ್ಲರಿಗೂ ಎಟಕುವಂಥದ್ದಲ್ಲ. ಎರಡು, ಗ್ರೇಡ್ ಕಡಿಮೆಯಾದರೆ ಪಂದ್ಯಕ್ಕೆ ಇಳಿಸೋದಿಲ್ಲ ಅನ್ನೋ ನಿಯಮ. ಕೇಳೋಕೆ ಶಿಸ್ತಿನ ಮಾತು. ಆಟದ ಆಸೆಗಾದರೂ ಓದಲಿ ಅಂತ. ಬಹಳ ಮಕ್ಕಳಿಗೆ ಅದು ಕೆಲಸವೂ ಮಾಡುತ್ತದೆ. ಆದರೆ ಓದಿನಲ್ಲಿ ಹಿಂದೆ ಬಿದ್ದವನಿಗೆ ಶಾಲೆಯಲ್ಲಿ ತಲೆ ಎತ್ತಿ ನಿಲ್ಲೋಕೆ ಇರುವ ಒಂದೇ ಜಾಗ ಮೈದಾನವಾಗಿದ್ದರೆ? ಅದನ್ನೂ ಕಿತ್ತುಕೊಂಡರೆ ಅವನು ಶಾಲೆಗೆ ಯಾಕೆ ಬರಬೇಕು? ಇನ್ನೊಂದು, ಕಾಲೇಜು ಅರ್ಜಿಯಲ್ಲಿ ತೋರಿಸೋಕೆ ಅಂತಲೇ ಹತ್ತು ಕ್ಲಬ್ಬಿಗೆ ಹೆಸರು ಕೊಡುವ ಮಕ್ಕಳೂ ಅಲ್ಲಿದ್ದಾರಂತೆ. ಅದು ಪಾಪ ಅವರ ತಪ್ಪಲ್ಲ, ಆ ವ್ಯವಸ್ಥೆ ಹಾಗೆ ಮಾಡಿಸುತ್ತದೆ.

ಲೂಥರನ್ ಶಾಲೆಗಳಿಗೆ ಹಾಡಿನ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಅಂತ ಓದುತ್ತಾ ಹೋದೆ. ಬೇರು ಆ ಪಂಥದ ಮೂಲಪುರುಷ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನಲ್ಲೇ ಇದೆ. 1524ರಲ್ಲಿ ಅವನು ಜರ್ಮನಿಯ ಊರೂರಿನ ಆಡಳಿತ ಸಭೆಗಳಿಗೆ ಒಂದು ಪತ್ರ ಬರೆದ. ಊರು ಕಾಯೋಕೆ ಬಂದೂಕಿಗೆ, ರಸ್ತೆಗೆ, ಸೇತುವೆಗೆ ವರ್ಷಾ ವರ್ಷಾ ದುಡ್ಡು ಸುರೀತೀರಿ, ಶಾಲೆಗೆ ಯಾಕೆ ಕೊಡಬಾರದು ಅಂತ ಕೇಳಿದ. ಗಂಡು ಮಕ್ಕಳಿಗಷ್ಟೇ ಅಲ್ಲ, ಹೆಣ್ಣು ಮಕ್ಕಳಿಗೂ ಶಾಲೆ ಬೇಕು ಅಂದ. ಅದೇ ಪತ್ರದಲ್ಲಿ ಒಂದು ಮಾತು ಇದೆ: ನನಗೆ ಮಕ್ಕಳಿದ್ದರೆ ಅವರಿಗೆ ಭಾಷೆ, ಇತಿಹಾಸ ಅಷ್ಟೇ ಅಲ್ಲ, ಹಾಡು, ಸಂಗೀತ, ಜೊತೆಗೆ ಇಡೀ ಗಣಿತವನ್ನೂ ಕಲಿಸುತ್ತಿದ್ದೆ ಅನ್ನೋ ಅರ್ಥದ್ದು. ಆಗ ಅವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ, ಮದುವೆಯಾದದ್ದು ಮರುವರ್ಷ. ಸಂಗೀತ ಮತ್ತು ಗಣಿತ ಒಂದೇ ಉಸಿರಿನಲ್ಲಿ ಬಂದಿರೋದು ನೋಡಿ. ಒಂದಕ್ಕಾಗಿ ಇನ್ನೊಂದನ್ನು ಬಿಡಿ ಅಂತ ಅವನು ಹೇಳಲಿಲ್ಲ. ಹಾಡು ಬಾರದ ಮಾಸ್ತರನನ್ನು ನಾನು ಮಾಸ್ತರ ಅಂತ ಲೆಕ್ಕಕ್ಕೇ ಇಡೋದಿಲ್ಲ ಅಂತಲೂ ಅವನು ಹೇಳಿದ್ದಾಗಿ ದಾಖಲಾಗಿದೆ.

ಮಿಸೌರಿಯ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯ ಬಿಟ್ಟು ಹೊರಟ ಲೂಥರನ್ ಕುಟುಂಬಗಳು 1839ರಲ್ಲಿ ಸೇಂಟ್ ಲೂಯಿಸ್‌ಗೂ ಅದರ ದಕ್ಷಿಣಕ್ಕಿರುವ ಪೆರಿ ಕೌಂಟಿಗೂ ಬಂದು ಇಳಿದವು. ಕಾಡು ಕಡಿದು, ಜ್ವರ ಬಂದು ಎಷ್ಟೋ ಜನ ಸತ್ತು, ಇನ್ನೂ ಸರಿಯಾಗಿ ಮನೆ ಕಟ್ಟಿಕೊಳ್ಳೋದರೊಳಗೆ, ಅದೇ ವರ್ಷ ಮರದ ದಿಮ್ಮಿಗಳ ಒಂದು ಕೋಣೆ ಎಬ್ಬಿಸಿ ಶಾಲೆ ತೆರೆದರು. 1847ರಲ್ಲಿ ಅವರೂ ಇತರರೂ ಸೇರಿ ಮಿಸೌರಿ ಸಿನಡ್ ಅನ್ನೋ ಲೂಥರನ್ ಚರ್ಚ್‌ಗಳ ಒಕ್ಕೂಟ ಕಟ್ಟಿಕೊಂಡರು. ಎಲ್ಲಿ ಚರ್ಚ್ ಕಟ್ಟಿದರೋ ಅಲ್ಲೆಲ್ಲ ಶಾಲೆ ಕಟ್ಟುತ್ತಾ ಹೋದರು.

ನಮ್ಮ ದೇಶಕ್ಕೂ ಈ ಪರಂಪರೆ ಹೊಸದಲ್ಲ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಲೂಥರನ್ ಮಿಶನರಿ ಸೀಗೆನ್‌ಬಾಲ್ಗ್ ಮರುವರ್ಷವೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದ. ಕನ್ನಡ ನಾಡಿಗೆ ಬಂದ ಬಾಸೆಲ್ ಮಿಶನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ಇದ್ದರು. 1834ರಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ತನಕ ಶಾಲೆ ಕಟ್ಟಿದರು. ನಮ್ಮ ಬೀದರ್, ಯಾದಗಿರಿ ಕಡೆ ಬಂದವರು ಮೆಥಡಿಸ್ಟರು. ಪಂಥ ಬೇರೆ, ಆದರೆ ಪ್ರಾರ್ಥನೆ, ಹಾಡು, ಪಾಠ, ಆಟ ನಾಲ್ಕನ್ನೂ ಒಂದೇ ಕಂಪೌಂಡಿನೊಳಗೆ ಇಟ್ಟ ರೀತಿ ಒಂದೇ. ನಮ್ಮ ಶಾಲೆಯ ಮೈದಾನ ಕಟ್ಟಡಕ್ಕಿಂತ ದೊಡ್ಡದು. ಜಾಗ ಕೊಟ್ಟವರಿಗೆ ಅದರ ಬೆಲೆ ಗೊತ್ತಿತ್ತು. ಹಾಗೆ ನೋಡಿದರೆ ದೂರದಿಂದ ಬಂದವರು ಇಲ್ಲಿ ಶಾಲೆ ಕಟ್ಟಿದ್ದು ಅದಕ್ಕೂ ಹಳೆಯ ಕಥೆ. ಇರಾನಿನಿಂದ ಬಂದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ಇದೆ. ಅಲ್ಲೇ ಉಳಿದು ಓದೋಕೆ ಕೋಣೆಗಳು, ಗ್ರಂಥಾಲಯ, ನಡುವೆ ವಿಶಾಲ ಅಂಗಳ. ನಾನು ಪ್ರತಿ ವರ್ಷ ಎಂಟನೇ ಕ್ಲಾಸಿನವರನ್ನು ಅಲ್ಲಿಗೆ ನಡೆಸಿಕೊಂಡು ಹೋಗುತ್ತೇನೆ.

ಇಷ್ಟೆಲ್ಲ ಇದ್ದೂ ನಮ್ಮ ಹತ್ತನೇ ಕ್ಲಾಸಿನವರು ಯಾಕೆ ಕೋಣೆ ಬಿಟ್ಟು ಹೊರಗೆ ಬರೋದಿಲ್ಲ? ಫಲಿತಾಂಶದ ಹೆದರಿಕೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್, ಅಂದ್ರೆ ಕ್ಯಾಮೆರಾದ ನೇರ ನಿಗಾ, ಬಂತು. ಆ ವರ್ಷ ರಾಜ್ಯದಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, ಪಾಸಾದವರು ಶೇ 50.59. ಮರುವರ್ಷ ಪರೀಕ್ಷೆ-1ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಬೀದರ್ ಕೂಡ ಮೇಲಿನ ಸಾಲಿನಲ್ಲಿ ಇರಲಿಲ್ಲ. ಈ ಅಂಕಿ ನೋಡಿ ಹೊಟ್ಟೆಯಲ್ಲಿ ಸಂಕಟ ಆಗದ ಶಿಕ್ಷಕರು ನಮ್ಮ ಕಡೆ ಯಾರೂ ಇಲ್ಲ. ನನಗೂ ಆಗುತ್ತದೆ. ಮೇಲಿನಿಂದ ಒತ್ತಡ ಬರುತ್ತದೆ, ವಿಶೇಷ ತರಗತಿ ಮಾಡಿ, ಪಾಸಾಗೋಕೆ ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜ್ ಮಾಡಿಸಿ, ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತಗೊಳ್ಳಿ, ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಿ. ಎಲ್ಲ ಮಾಡುತ್ತೇವೆ. 625 ಅಂಕದ ಲೆಕ್ಕ ಹಾಕುತ್ತಾ, ಪ್ರಥಮ ಭಾಷೆಯ 125 ಬಿಟ್ಟರೆ ಉಳಿದ ಒಂದೊಂದು ವಿಷಯಕ್ಕೂ 80 ಬರವಣಿಗೆ, 20 ಇಂಟರ್ನಲ್ ಅಂತ ಕೂಡಿಸುತ್ತಾ ಕಳೆಯುತ್ತಾ ವರ್ಷ ಕಳೆದುಹೋಗುತ್ತದೆ. ಆಟ, ಕಲೆಗೆ ಕೊಡುವ ಗ್ರೇಡನ್ನು ಬಹಳ ಕಡೆ ಕೊನೆಯ ವಾರ ಒಟ್ಟಿಗೆ ಕೂತು ತುಂಬುತ್ತಾರೆ. ಆಡದ ಆಟಕ್ಕೆ ಎ ಗ್ರೇಡ್.

ಆದರೆ ಆಟ ಬಿಡಿಸಿದ್ದರಿಂದ ಫಲಿತಾಂಶ ಏರಿದ್ದನ್ನು ನಾನು ಕಂಡಿಲ್ಲ. ನಮ್ಮ ಮಕ್ಕಳು ಫೇಲಾಗೋದು ಜಾಸ್ತಿ ಆಡಿ ಅಲ್ಲ. ಕನ್ನಡ ಓದೋದೇ ತಡವರಿಸುತ್ತಾ ಎಂಟಕ್ಕೆ ಬರುತ್ತಾರೆ. ತೊಗರಿ ರಾಶಿ ಬಂದಾಗ ಹೊಲಕ್ಕೆ ಹೋಗುತ್ತಾರೆ. ಅಪ್ಪ ಅವ್ವ ಹೈದರಾಬಾದಿಗೋ ಪುಣೆಗೋ ದುಡಿಯೋಕೆ ಹೋದರೆ ಮಕ್ಕಳೂ ಗುಳೆ ಹೋಗುತ್ತಾರೆ. ಶಾಲೆಗೇ ಬಾರದ ಹುಡುಗನಿಗೆ ಪಾಸಿಂಗ್ ಪ್ಯಾಕೇಜ್ ಏನು ಮಾಡೀತು?

ಒಬ್ಬ ಹುಡುಗಿಯ ಬಗ್ಗೆ ಹೇಳಬೇಕು. ತಾಂಡಾದಿಂದ ಬರುತ್ತಿದ್ದಳು, ಶಾಲೆಯ ಖೋ ಖೋ ತಂಡದಲ್ಲಿದ್ದಳು. ಖೋ ಖೋ ಗೊತ್ತಲ್ಲ, ಎಂಟು ಜನ ಸಾಲಾಗಿ ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ, ಅವಳು ನಡುಗೆರೆ ದಾಟುವ ಹಾಗಿಲ್ಲ, ಹೊರಟ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವ ಹಾಗಿಲ್ಲ. ಹೀಗಾಗಿ ಕೂತವಳ ಬುದ್ಧಿ ಓಡುವವಳ ಕಾಲಿಗಿಂತ ಮುಂದೆ ಇರಬೇಕು. ಈ ಹುಡುಗಿ ಕೂತಲ್ಲೇ ಎದುರಾಳಿಯ ಭುಜ ನೋಡುತ್ತಿದ್ದಳು. ಕಾಲು ನೋಡಿದರೆ ಮೋಸ ಹೋಗ್ತೀವಿ ಮಿಸ್, ಭುಜ ಮೊದಲು ತಿರುಗ್ತದ ಅಂತ ನನಗೆ ಹೇಳಿಕೊಟ್ಟಳು. ವಿಜ್ಞಾನದ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ! ಶನಿವಾರ ಬಿಳಿ ಯೂನಿಫಾರ್ಮ್. ಬೀದರ್‌ನ ಕೆಂಪು ಮಣ್ಣು ಮಂಡಿಯಿಂದ ಕೆಳಗೆ ಹತ್ತಿದರೆ ಎಷ್ಟು ತಿಕ್ಕಿದರೂ ಹೋಗೋದಿಲ್ಲ. ತಂಡದ ಹುಡುಗಿಯರನ್ನು ಆ ಕಲೆಯಿಂದಲೇ ಗುರುತು ಹಿಡಿಯಬಹುದಿತ್ತು, ಅವರು ಅದನ್ನು ಹೆಮ್ಮೆಯಿಂದ ಹಾಕಿಕೊಂಡು ಬರುತ್ತಿದ್ದರು.

ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಅವಳ ಅಪ್ಪ ಬಂದರು. "ಮೇಡಂ, ಇನ್ ಮ್ಯಾಲ ಆಕಿಗಿ ಆಟಕ್ಕ ಕರಿಬ್ಯಾಡ್ರಿ. ಹತ್ತನೇತ್ತ ಅದ" ಅಂದರು. ಅವರ ಕಾಳಜಿ ನಿಜವಾದದ್ದು. "ಅಣ್ಣಾರೆ, ವಾರಕ್ಕ ಎರಡು ತಾಸು ಅಷ್ಟೇ ರೀ, ಓದಿನ ಜವಾಬ್ದಾರಿ ನಂದು" ಅಂದೆ. ಒಪ್ಪಿದರು. ಆ ದೀಪಾವಳಿ ಆದ ಮೇಲೆ ಅಪ್ಪ ಅವ್ವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು, ತಮ್ಮನೂ ಹೋದ. ಇವಳು ಹೋಗಲಿಲ್ಲ. ಪಂದ್ಯ ಇದೆ ಅಂತ ಹಟ ಹಿಡಿದು ಅಜ್ಜಿಯ ಹತ್ತಿರ ಉಳಿದಳು. ಪಂದ್ಯಕ್ಕೆ ಅಂತ ಉಳಿದವಳು ದಿನಾ ಶಾಲೆಗೆ ಬಂದಳು, ದಿನಾ ಬಂದವಳು ಪಾಠವನ್ನೂ ಕೇಳಿದಳು. ಅವಳೇನೂ ಜಿಲ್ಲೆಗೆ ಮೊದಲಿಗಳಾಗಲಿಲ್ಲ. ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ. ನನಗೆ ಅಷ್ಟು ಸಾಕು, ಅವಳ ಮನೆಗೂ ಅದು ದೊಡ್ಡದೇ.

ಆಟದ ಮಾತಷ್ಟೇ ಅಲ್ಲ ಇದು. ಕಾರ್ಯಾನುಭವದ ಪಿರಿಯಡ್‌ಗೆ ಒಮ್ಮೆ ಚೌಬಾರಾ ಕಡೆಯ ಒಬ್ಬ ಬಿದ್ರಿ ಕೆಲಸದ ಚಾಚಾ ಅವರನ್ನು ಕರೆಸಿದೆವು. ಸತು ಜಾಸ್ತಿ, ತಾಮ್ರ ಕಡಿಮೆ ಹಾಕಿ ಎರಕ ಹೊಯ್ದ ಚಿಕ್ಕ ತಟ್ಟೆ ತಂದಿದ್ದರು. ಅದರ ಮೇಲೆ ಮೊದಲೇ ಉಳಿಯಿಂದ ಹೂ ಬಳ್ಳಿ ಕೊರೆದು ಬೆಳ್ಳಿ ತಂತಿ ಕೂರಿಸಿದ್ದರು. ಎಲ್ಲ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತಿರಲಿಲ್ಲ. ಕೋಟೆಯ ಮಣ್ಣು ಒಂದು ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟು ನೋಡಿದರು. ಮಕ್ಕಳು ಗೊಳ್ಳೆಂದು ನಕ್ಕರು. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಬೇಕು, ರುಚಿಯಿಂದಲೇ ಗೊತ್ತಾಗ್ತದ ಅಂದರು. ಆ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ನೀರಿಗೆ ಹಾಕಿ ಕುದಿಸಿ ತಟ್ಟೆಯನ್ನು ಅದ್ದಿ ಉಜ್ಜಿದರು. ತಟ್ಟೆ ಕಡು ಕಪ್ಪಾಯಿತು, ಹೂ ಬಳ್ಳಿ ಬೆಳ್ಳಗೆ ಎದ್ದು ನಿಂತಿತು. ಇಡೀ ಕ್ಲಾಸು ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮಿಸ್, ಬೆಳ್ಳಿ ಯಾಕ ಕರ್ರಗ ಆಗಲಿಲ್ಲ?" ಲೋಹ ಮತ್ತು ಅಲೋಹ ಪಾಠದ ಕ್ರಿಯಾಶೀಲತಾ ಸರಣಿಯನ್ನು ಹೇಳೋಕೆ ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕಿಲ್ಲ. ಸತು ಆ ಪಟ್ಟಿಯಲ್ಲಿ ಮೇಲೆ, ಬೆಳ್ಳಿ ಬಹಳ ಕೆಳಗೆ. ಅವತ್ತು ಇದ್ದವರು ಯಾರೂ ಆ ಸರಣಿಯನ್ನು ಮರೆತಿಲ್ಲ.

ಪ್ರತಿಭಾ ಕಾರಂಜಿಯಲ್ಲೂ ಅಷ್ಟೇ. ಆಶುಭಾಷಣ, ಜಾನಪದ ನೃತ್ಯ, ಮಿಮಿಕ್ರಿ ಎಲ್ಲದರ ಜೊತೆ ಖವ್ವಾಲಿ ಸ್ಪರ್ಧೆಯೂ ಇದೆ. ನಮ್ಮ ತಂಡದಲ್ಲಿ ಮುಸ್ಲಿಂ ಹುಡುಗಿಯರು, ಕ್ರೈಸ್ತರು, ಲಿಂಗಾಯತರು ಒಟ್ಟಿಗೆ ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಹುಡುಗನೇ ಅವರಿಗೆ ಶ್ರುತಿ ಹಿಡಿಯುತ್ತಾನೆ. ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದರೆ ಊರೇ ಗೆದ್ದಷ್ಟು ಖುಷಿ. ಹತ್ತನೇ ಕ್ಲಾಸಿನವರನ್ನು ಇದರಿಂದಲೂ ಹೊರಗೆ ಇಡಬೇಕು ಅಂತ ಕೆಲವು ಪಾಲಕರು ಕೇಳುತ್ತಾರೆ. ನನಗೆ ನಿಜವಾಗಿ ಬೇಜಾರಾಗುತ್ತದೆ. ಹದಿನೈದನೇ ವಯಸ್ಸು ಒಂದೇ ಸಲ ಬರೋದು ಅಲ್ವಾ.

ಈ ವರ್ಷ ಟೈಮ್‌ಟೇಬಲ್ ಬರೆಯುವ ಮೊದಲೇ ನಾನು ಹೆಡ್ ಮೇಡಂ ಹತ್ತಿರ ಹೋದೆ. ಹತ್ತನೇ ಕ್ಲಾಸಿನ ಎರಡು ಪಿಟಿ ಪಿರಿಯಡ್ ಮತ್ತು ಶನಿವಾರದ ಒಂದು ಹಾಡಿನ ಪಿರಿಯಡ್ ಯಾರೂ ಮುಟ್ಟಬಾರದು, ವಿಶೇಷ ತರಗತಿ ಬೇಕಾದರೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟುಕೊಳ್ಳೋಣ, ಕಿರುಪರೀಕ್ಷೆಯಲ್ಲಿ ಕಡಿಮೆ ಬಂದವರನ್ನೂ ಆಟದಿಂದ ಹೊರಗೆ ನಿಲ್ಲಿಸೋದು ಬೇಡ ಅಂತ ಕೇಳಿದೆ. ಮಧ್ಯವಾರ್ಷಿಕ ಪರೀಕ್ಷೆ ತನಕ ಮಾಡಿ ನೋಡೋಣ ಅಂದರು. ಬೆಳಿಗ್ಗೆ ದೂರದ ಹಳ್ಳಿಯ ಮಕ್ಕಳಿಗೆ ಬಸ್ ಸಿಗೋದಿಲ್ಲ ಅನ್ನೋ ತೊಡಕು ಇದೆ, ಅವರಿಗೆ ಮಧ್ಯಾಹ್ನ ಊಟದ ನಂತರ ಬೇರೆ ಗುಂಪು ಮಾಡುತ್ತೇವೆ.

ಕಷ್ಟ ಅನಿಸಿದ್ದು ಗಣಿತದ ಸರ್ ಅವರನ್ನು ಒಪ್ಪಿಸೋದು. ಅವರ ಹತ್ತಿರ ಅಕ್ಕನ ಮಗಳ ಕೋಚ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಅವರು ಕಾಲೇಜಿನಲ್ಲಿ ಖೋ ಖೋ ಆಡುತ್ತಿದ್ದರಂತೆ, ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತರೂ ನನಗೆ ಗೊತ್ತಿರಲಿಲ್ಲ. "ಆಯ್ತು ಮೇಡಂ, ಶನಿವಾರ ನಾನೇ ಅಂಪೈರ್ ನಿಲ್ತೀನಿ. ಆದ್ರ ಸೋಮವಾರ ತ್ರಿಕೋನಮಿತಿ ಟೆಸ್ಟ್ ಇಡ್ತೀನಿ, ಪೇಪರ್ ನೋಡ್ಲಿಕ್ಕೆ ನೀವು ಕೂಡಬೇಕು ನೋಡ್ರಿ" ಅಂದರು. ಕೂಡ್ತೀನಿ ಸರ್ ಅಂದೆ.